ಚಿಕ್ಕ ಮಗುವಿನ ಜೊತೆ ಮೊದಲ ಕ್ರೂಸ್: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಸಿಂಗಪುರದಿಂದ ಹೊರಡುವ ಮೂರು–ನಾಲ್ಕು ರಾತ್ರಿಯ ಕ್ರೂಸ್‌ಗೆ ಮಗುವನ್ನು ಕರೆದುಕೊಂಡು ಹೋಗಬಹುದಾ ಅಂತ ಪ್ರತಿ ರಜೆಗೂ ಯಾರಾದರೊಬ್ಬರು ನನ್ನನ್ನು ಕೇಳುತ್ತಾರೆ. ಹೋಗಿ ಬಂದ ಮೇಲೆ ಅವರು ಹೇಳುವ ತೊಂದರೆಗಳು ಹೆಚ್ಚುಕಡಿಮೆ ಒಂದೇ. ವೀಸಾ ಒಂದೇ ಸಲದ ಪ್ರವೇಶದ್ದಾಗಿತ್ತು. ಮಗುವನ್ನು ಮಕ್ಕಳ ಕ್ಲಬ್‌ಗೆ ಸೇರಿಸಿಕೊಳ್ಳಲಿಲ್ಲ. ಡೈಪರ್ ಇದ್ದ ಬ್ಯಾಗ್ ಸಂಜೆವರೆಗೆ ಕೈಗೆ ಬರಲಿಲ್ಲ. ದುಡ್ಡು ಜಾಸ್ತಿ ಕೊಟ್ಟಿದ್ದರೂ ಇವು ತಪ್ಪುತ್ತಿರಲಿಲ್ಲ. ತಪ್ಪಿದ್ದು ಕೆಲಸಗಳ ಕ್ರಮ. ಎಲ್ಲರೂ ಮೊದಲು ಹಡಗು ಆರಿಸುತ್ತಾರೆ, ದುಡ್ಡು ಕಟ್ಟುತ್ತಾರೆ, ಆಮೇಲೆ ಮಗುವಿನ ವಿಷಯಕ್ಕೆ ಬರುತ್ತಾರೆ. ಅದನ್ನು ತಲೆಕೆಳಗು ಮಾಡಬೇಕು.

ಒಂದರಿಂದ ಐದು ವರ್ಷದ ಮಗು, ಬೆಂಗಳೂರಿನಿಂದ ವಿಮಾನ, ಸಿಂಗಪುರದಿಂದ ಹಡಗು. ಈ ಲೆಕ್ಕದಲ್ಲಿ ಬರೆದಿದ್ದೇನೆ. ಮುಂಬೈಯಿಂದ ಹೊರಡುವವರಿಗೆ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

## ಹಂತ 1: ಮಗುವಿನ ವಯಸ್ಸಿನಿಂದ ಶುರು ಮಾಡಿ

ಬಹಳಷ್ಟು ಕಂಪನಿಗಳಲ್ಲಿ ಹಡಗು ಹತ್ತಲು ಮಗುವಿಗೆ ಕನಿಷ್ಠ 6 ತಿಂಗಳು ಆಗಿರಬೇಕು. ಸತತವಾಗಿ ಹಲವು ದಿನ ಬಂದರು ಸಿಗದ ದೂರದ ಪ್ರಯಾಣಗಳಿಗೆ 12 ತಿಂಗಳು. ನೋಡಬೇಕಾದ್ದು ಬುಕ್ ಮಾಡುವ ದಿನದ ವಯಸ್ಸಲ್ಲ, ಹಡಗು ಹತ್ತುವ ದಿನದ್ದು.

ಇನ್ನೊಂದು ವಯಸ್ಸಿನ ಮಿತಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ಮಕ್ಕಳ ಕ್ಲಬ್‌ನಲ್ಲಿ ಅಪ್ಪ ಅಮ್ಮ ಜೊತೆಗಿಲ್ಲದೆ ಬಿಟ್ಟುಹೋಗಲು ಸಾಮಾನ್ಯವಾಗಿ ಮಗುವಿಗೆ 3 ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಲೂ ಬೇಕು. ಎರಡೂ ಷರತ್ತು ಒಟ್ಟಿಗೆ. ಅದಕ್ಕಿಂತ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ನರ್ಸರಿ ಕೆಲವೇ ಹಡಗುಗಳಲ್ಲಿದೆ. ಇದ್ದರೂ ಗಂಟೆಗೆ ಇಷ್ಟು ಅಂತ ಬೇರೆ ದುಡ್ಡು.

ಈಜುಕೊಳದ ನಿಯಮವೂ ಹೀಗೇ. ಡೈಪರ್ ಹಾಕುವ ಮಗುವನ್ನು ದೊಡ್ಡ ಕೊಳಕ್ಕೆ ಇಳಿಸಲು ಬಹುತೇಕ ಹಡಗುಗಳಲ್ಲಿ ಬಿಡುವುದಿಲ್ಲ. ನೀರಿಗೆಂದೇ ಮಾಡಿದ ಸ್ವಿಮ್ ಡೈಪರ್ ಹಾಕಿದ್ದರೂ ಅಷ್ಟೇ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆ ಅಂತ ನೀರು ಚಿಮ್ಮುವ ಜಾಗ ಬೇರೆ ಇರುತ್ತದೆ. ನಿಮ್ಮ ಹಡಗಿನಲ್ಲಿ ಇದೆಯಾ ಅಂತ ಕೇಳಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಮಗುವಿಗೆ ಎರಡೂವರೆ ವರ್ಷ ಆಗಿದ್ದರೆ ಆರೇಳು ತಿಂಗಳು ತಡೆದು ಹೋಗಿ. ಅಷ್ಟರಲ್ಲಿ ಡೈಪರ್ ಬಿಟ್ಟರೆ ಅದೇ ಹಡಗು, ಅದೇ ದುಡ್ಡು, ಆದರೆ ಪ್ರವಾಸವೇ ಬೇರೆ.

## ಹಂತ 2: ಕಾಗದಪತ್ರ ಮುಗಿಯದೆ ದುಡ್ಡು ಕಟ್ಟಬೇಡಿ

ಮೊದಲು ಮಗುವಿನ ಪಾಸ್‌ಪೋರ್ಟ್. ಪ್ರಯಾಣದ ದಿನಕ್ಕೆ ಅದರಲ್ಲಿ ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು. ಚಿಕ್ಕ ಮಕ್ಕಳಿಗೆ ಕೊಡುವುದು 5 ವರ್ಷದ್ದು ಮಾತ್ರ. ಹಾಗಾಗಿ ಹುಟ್ಟಿದ ಕೂಡಲೇ ಮಾಡಿಸಿದ್ದು ನಾಲ್ಕೂವರೆ ವರ್ಷಕ್ಕೇ ಲೆಕ್ಕಕ್ಕೆ ಬರುವುದಿಲ್ಲ. ಹೊಸದು ಮಾಡಿಸುವಾಗ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಅನುಬಂಧ ಡಿ (Annexure D) ಅನ್ನುವ ಘೋಷಣಾ ಪತ್ರ ಬೇಕು. ಮಗುವಿಗೆ 4 ವರ್ಷ ಆಗಿಲ್ಲದಿದ್ದರೆ ಬಿಳಿ ಹಿನ್ನೆಲೆಯ 4.5 × 3.5 ಸೆಂಟಿಮೀಟರ್ ಫೋಟೊ ನೀವೇ ಒಯ್ಯಬೇಕು. ಇದು ಗೊತ್ತಿಲ್ಲದೆ ಸೇವಾ ಕೇಂದ್ರದ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಸ್ಟುಡಿಯೊ ಹುಡುಕುವವರು ಬಹಳ ಜನ.

ನಮ್ಮ ಕಡೆಯವರಿಗೆ ಹೆಸರಿನದ್ದೇ ಒಂದು ತಲೆನೋವು. ಅಪ್ಪನ ಹೆಸರು ಒಂದು ಕಡೆ ಇನಿಷಿಯಲ್ ಜೊತೆ, ಇನ್ನೊಂದು ಕಡೆ ಊರಿನ ಹೆಸರು ಜೊತೆ, ಮಗುವಿಗೆ ಸರ್‌ನೇಮೇ ಇಲ್ಲ. ಜನನ ಪ್ರಮಾಣಪತ್ರ, ಮಗುವಿನ ಪಾಸ್‌ಪೋರ್ಟ್, ನಿಮ್ಮ ಪಾಸ್‌ಪೋರ್ಟ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ವಿಮಾನಕ್ಕೂ ಹಡಗಿಗೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಹೆಸರು ಕೊಡಿ. ಸರ್‌ನೇಮ್ ಜಾಗ ಖಾಲಿ ಇದ್ದರೆ ಏನು ತುಂಬಬೇಕು ಅಂತ ಬುಕ್ ಮಾಡುವವರಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಆಮೇಲೆ ವೀಸಾ. ಜನ ಅತಿ ಹೆಚ್ಚು ಎಡವುವುದು ಇಲ್ಲೇ. ನೀವು ಸಿಂಗಪುರಕ್ಕೆ ಒಂದು ಸಲ ಅಲ್ಲ, ಎರಡು ಸಲ ಪ್ರವೇಶ ಮಾಡುತ್ತೀರಿ. ಬೆಂಗಳೂರಿನಿಂದ ವಿಮಾನದಲ್ಲಿ ಇಳಿದಾಗ ಒಂದು, ಹಡಗಿನಿಂದ ವಾಪಸ್ ಇಳಿದಾಗ ಇನ್ನೊಂದು. ಆದ್ದರಿಂದ ವೀಸಾ ಹಲವು ಸಲದ ಪ್ರವೇಶಕ್ಕೆ ಇರಲೇಬೇಕು. ಕೈಗೆ ಬಂದ ತಕ್ಷಣ ಆ ಸಾಲನ್ನು ಓದಿ. ಅಪ್ಪ ಅಮ್ಮನದು ಸರಿಯಿದ್ದು ಮಗುವಿನದು ಬೇರೆ ಇರಬಹುದು, ಮೂರನ್ನೂ ನೋಡಿ.

ಸಿಂಗಪುರದ ಆಗಮನ ಕಾರ್ಡ್ ಕೂಡ ಹಾಗೆಯೇ, ಮಗುವಿಗೂ ಬೇರೆ ಬೇಕು. ಇಳಿಯುವ ದಿನವನ್ನೂ ಸೇರಿಸಿ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವುದು. ವಿಮಾನಕ್ಕೆ ಒಂದು ಸಲ, ಹಡಗಿನಿಂದ ವಾಪಸ್ ಬರುವಾಗ ಮತ್ತೊಂದು ಸಲ. ಇದಕ್ಕೆ ದುಡ್ಡು ಇಲ್ಲ. ದುಡ್ಡು ಕೇಳಿದರೆ ನೀವು ಸರ್ಕಾರದ ಪುಟದಲ್ಲಿ ಇಲ್ಲ ಅಂತ ಅರ್ಥ, ಅಲ್ಲಿಂದ ಹೊರಗೆ ಬನ್ನಿ.

ದಾರಿಯಲ್ಲಿ ಹಡಗು ನಿಲ್ಲುವ ಮಲೇಷ್ಯಾ, ಥಾಯ್ಲೆಂಡ್‌ಗಳ ವೀಸಾ ನಿಯಮ ಭಾರತೀಯರಿಗೆ ಈಚೆಗೆ ಹಲವು ಸಲ ಬದಲಾಗಿದೆ. ಹಳೆಯ ವಿಡಿಯೊ ನಂಬಬೇಡಿ. ಆ ಎರಡು ದೇಶಗಳಿಗೂ ಅವುಗಳದ್ದೇ ಡಿಜಿಟಲ್ ಆಗಮನ ಕಾರ್ಡ್ ಇದೆ. "ನಾವು ಅಲ್ಲಿ ಇಳಿಯುವುದೇ ಇಲ್ಲ, ಹಡಗಿನಲ್ಲೇ ಇರುತ್ತೇವೆ" ಅನ್ನುವ ಮಾತು ಚೆಕ್‌ಇನ್ ಕೌಂಟರ್‌ನಲ್ಲಿ ನಡೆಯುವುದಿಲ್ಲ. ಹಡಗು ನಿಲ್ಲುವ ಪ್ರತಿ ದೇಶದ ಕಾಗದವೂ ಬೇಕು.

ಮಗುವಿನ ಜೊತೆ ಅಪ್ಪ ಅಮ್ಮನಲ್ಲಿ ಒಬ್ಬರೇ ಹೋಗುತ್ತಿದ್ದರೆ, ಅಥವಾ ಅಜ್ಜಿ ತಾತ ಕರೆದುಕೊಂಡು ಹೋಗುತ್ತಿದ್ದರೆ, ಜೊತೆಗಿಲ್ಲದ ಪೋಷಕರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಜನನ ಪ್ರಮಾಣಪತ್ರದ ಪ್ರತಿಯೂ ಇರಲಿ.

## ಹಂತ 3: ತಿಂಗಳು, ರಾತ್ರಿಗಳು, ಬಂದರು

ಮೊದಲ ಸಲಕ್ಕೆ ಮೂರು ಅಥವಾ ನಾಲ್ಕು ರಾತ್ರಿ ಸಾಕು. ಎರಡು ರಾತ್ರಿ ಆದರೆ ಮಗು ಹೊಂದಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗುತ್ತದೆ.

ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್ ಕಡೆ ಹೋಗುವ ದಾರಿ ಮಲಕ್ಕಾ ಜಲಸಂಧಿ. ಎರಡೂ ಕಡೆ ನೆಲ ಇರುವುದರಿಂದ ಅಲೆ ಕಡಿಮೆ. ಥಾಯ್ಲೆಂಡ್‌ನ ಫುಕೆಟ್ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ, ಅಂಡಮಾನ್ ಸಮುದ್ರ ಜೋರಾಗಿರುತ್ತದೆ. ಮಗು ಕಾರಿನಲ್ಲೇ ವಾಂತಿ ಮಾಡಿಕೊಳ್ಳುತ್ತದೆ ಅಂದರೆ ಆ ತಿಂಗಳುಗಳಲ್ಲಿ ಫುಕೆಟ್ ಬೇಡ. ನಮ್ಮ ಪಶ್ಚಿಮ ಕರಾವಳಿಯ ಕಡಲು ಹೇಗಿರುತ್ತದೆ ಅಂತ ಮಂಗಳೂರು, ಕಾರವಾರದವರಿಗೆ ಹೇಳಬೇಕಾಗಿಲ್ಲ. ಮುಂಬೈ ಕ್ರೂಸ್‌ಗಳ ಕಾಲ ಮಳೆ ಮುಗಿದ ಮೇಲೆ ಬೇಸಿಗೆವರೆಗೆ.

ಬಂದರಿನ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಹಡಗು ದಕ್ಕೆಗೆ ತಾಗಿ ನಿಲ್ಲುತ್ತದೋ, ಅಥವಾ ಸಮುದ್ರದಲ್ಲೇ ನಿಂತು ಚಿಕ್ಕ ದೋಣಿಯಲ್ಲಿ ದಡಕ್ಕೆ ಒಯ್ಯುತ್ತದೋ? ಪೆನಾಂಗ್‌ನ ಸ್ವೆಟೆನ್‌ಹ್ಯಾಮ್ ದಕ್ಕೆಯಲ್ಲಿ ಇಳಿದರೆ ಜಾರ್ಜ್‌ಟೌನ್‌ನ ಹಳೇ ಪೇಟೆಗೆ ನಡೆದೇ ಹೋಗಬಹುದು. ಮಗುವಿದ್ದವರಿಗೆ ಇದಕ್ಕಿಂತ ಒಳ್ಳೆಯ ಬಂದರು ಈ ದಾರಿಯಲ್ಲಿ ಇಲ್ಲ ಅಂತಲೇ ನನ್ನ ಅನಿಸಿಕೆ. ಪೋರ್ಟ್ ಕ್ಲಾಂಗ್‌ನಲ್ಲಿ ಹಡಗು ದಕ್ಕೆಗೇ ಬರುತ್ತದೆ, ಆದರೆ ಕ್ವಾಲಾಲಂಪುರಕ್ಕೆ ಹೋಗಲು ಒಂದು ಗಂಟೆಗೂ ಜಾಸ್ತಿ, ಬರಲು ಅಷ್ಟೇ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋದರೆ ಅಗತ್ತಿಯಲ್ಲಿ ಚಿಕ್ಕ ದೋಣಿಗೆ ಇಳಿಯಬೇಕು. ಅಲೆಗೆ ಮೇಲೆ ಕೆಳಗೆ ಆಡುವ ದೋಣಿಗೆ ಕಂಕುಳಲ್ಲಿ ಮಗು ಇಟ್ಟುಕೊಂಡು ಕಾಲಿಡಬೇಕಾಗುತ್ತದೆ. ಎರಡು ಕೈ ಖಾಲಿ ಇರುವ ಇನ್ನೊಬ್ಬರು ಜೊತೆಗಿರಲೇಬೇಕು.

## ಹಂತ 4: ಕ್ಯಾಬಿನ್ ಆರಿಸುವುದು

ತೋಳಿನಲ್ಲಿರುವ ಕೂಸೂ ಹಡಗಿನ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕ. ಲೈಫ್‌ಬೋಟ್‌ನಲ್ಲಿ ಪ್ರತಿ ತಲೆಗೂ ಜಾಗ ಇರಬೇಕಾದ್ದರಿಂದ ಇದರಲ್ಲಿ ರಿಯಾಯಿತಿ ಇಲ್ಲ. ಇಬ್ಬರ ಕ್ಯಾಬಿನ್ ತೆಗೆದುಕೊಂಡು "ಮಗು ನಮ್ಮ ಜೊತೆ ಮಲಗುತ್ತದೆ" ಅಂದರೆ ಆಗುವುದಿಲ್ಲ.

ಜಾಗ ಎಲ್ಲಿರಬೇಕು? ಉದ್ದದಲ್ಲಿ ಹಡಗಿನ ನಡುಭಾಗ, ಎತ್ತರದಲ್ಲಿ ಕೆಳಗಿನ ಡೆಕ್. ಅಲುಗಾಟ ಅಲ್ಲಿ ಕಡಿಮೆ. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳಿರುವ ಡೆಕ್ ಆದರೆ ಇನ್ನೂ ಒಳ್ಳೆಯದು. ಈಜುಕೊಳದ ಡೆಕ್‌ನ ಕೆಳಗೆ ಸಿಕ್ಕರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದಿಗೆ ಮಗು ಏಳುತ್ತದೆ. ಡೆಕ್ ನಕ್ಷೆ ಕಂಪನಿಯ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಐದು ನಿಮಿಷ ಕೊಟ್ಟು ನೋಡಿ.

ಬಾಲ್ಕನಿ ಬೇಕೇ? ಮಧ್ಯಾಹ್ನ ಮಗು ಮಲಗಿದಾಗ ನೀವು ಕತ್ತಲಲ್ಲಿ ಕೂರುವ ಬದಲು ಸಮುದ್ರ ನೋಡುತ್ತಾ ಕೂರಬಹುದು. ಆ ಎರಡು ಗಂಟೆಗಾಗಿ ನಾನು ದುಡ್ಡು ಕೊಡುತ್ತೇನೆ. ಆದರೆ ಹತ್ತುವ, ಏರುವ ಚಟ ಇರುವ ಮಗುವಾದರೆ ಬೇಡ. ತೆಗೆದುಕೊಂಡರೆ ಮೊದಲ ದಿನವೇ ಕುರ್ಚಿ, ಟೀಪಾಯಿ ಕಟಕಟೆಯಿಂದ ದೂರ ಸರಿಸಿ. ಬಾಗಿಲಿಗೆ ಎತ್ತರದಲ್ಲಿ ಚಿಲಕ ಇದೆಯಾ ನೋಡಿ, ಇಲ್ಲದಿದ್ದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟೀವರ್ಡ್‌ನನ್ನು ಕರೆದು ಕೇಳಿ. ಮಗು ಎಷ್ಟೇ ರಚ್ಚೆ ಹಿಡಿಯಲಿ, ಕಟಕಟೆಯ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ.

ಸ್ನಾನದ ಮನೆಯಲ್ಲಿ ಸಾಮಾನ್ಯವಾಗಿ ಬರೀ ಷವರ್ ಇರುತ್ತದೆ, ಜಾಗ ಇಕ್ಕಟ್ಟು. ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ತಲೆ ಮೇಲೆ ಷವರ್ ಬಿದ್ದರೆ ಹೆದರುವ ಮಕ್ಕಳಿದ್ದರೆ ಮನೆಯಿಂದ ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಳ್ಳಿ. ತೂಕವೂ ಇಲ್ಲ, ದುಡ್ಡೂ ಇಲ್ಲ, ಮೂರು ದಿನದ ಅಳು ತಪ್ಪುತ್ತದೆ.

## ಹಂತ 5: ಬುಕ್ ಮಾಡುವಾಗಲೇ ಬರೆದು ಕೇಳಿ

ಮಗುವಿನ ತೊಟ್ಟಿಲು ಅಥವಾ ಮಡಚುವ ಮಂಚ, ಊಟದ ಎತ್ತರದ ಕುರ್ಚಿ, ಸಸ್ಯಾಹಾರ ಅಥವಾ ಜೈನ ಊಟ, ಅಲರ್ಜಿ ಇದ್ದರೆ ಅದರ ವಿವರ. ಫೋನಿನಲ್ಲಿ ಹೇಳಿ ಬಿಡಬೇಡಿ, ಇಮೇಲ್‌ನಲ್ಲಿ ಉತ್ತರ ಇರಲಿ.

ದರದ ಬಗ್ಗೆ: ಜಾಹೀರಾತಿನಲ್ಲಿ ಕಾಣುವ ಮೊತ್ತಕ್ಕೆ ಬಂದರು ಶುಲ್ಕ, ತೆರಿಗೆ, ದಿನಕ್ಕೆ ಇಷ್ಟು ಅನ್ನುವ ಸೇವಾ ಶುಲ್ಕ ಸೇರುತ್ತವೆ. ಸೇವಾ ಶುಲ್ಕವನ್ನು ಬಹಳ ಕಡೆ ಮಗುವಿನ ಹೆಸರಿಗೂ ಹಾಕುತ್ತಾರೆ. ವೈಫೈ ಬೇರೆ. "ಎಲ್ಲಾ ಸೇರಿ ಮೂವರಿಗೆ ಎಷ್ಟು" ಅಂತ ಒಂದೇ ಅಂಕಿ ಕೇಳಿ, ಆಮೇಲೆ ಹೋಲಿಸಿ. ಟ್ರಾವೆಲ್ ಏಜೆನ್ಸಿ ವಿದೇಶ ಪ್ಯಾಕೇಜ್ ಮೇಲೆ ನಿಮ್ಮಿಂದ ಮುಂಗಡವಾಗಿ ವಸೂಲಿ ಮಾಡುವ ಟಿಸಿಎಸ್ ಅನ್ನುವ ತೆರಿಗೆ ನಿಮ್ಮ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ, ರಸೀದಿ ಎತ್ತಿಡಿ.

ಪ್ರಯಾಣ ವಿಮೆ ತೆಗೆದುಕೊಳ್ಳುವಾಗ ಅದರಲ್ಲಿ ಕ್ರೂಸ್ ಸೇರಿದೆಯಾ, ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಓದಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಮಕ್ಕಳ ಡಾಕ್ಟರ್ ಇರುತ್ತಾರೆ ಅಂತ ಅಂದುಕೊಳ್ಳಬೇಡಿ. ಅವರಿಗೆ ತೋರಿಸಿದರೆ ಬಿಲ್ ಕ್ಯಾಬಿನ್ ಲೆಕ್ಕಕ್ಕೆ ಬರುತ್ತದೆ, ಅದೂ ಡಾಲರ್‌ನಲ್ಲಿ.

## ಹಂತ 6: ಎರಡು ಬ್ಯಾಗ್, ಎರಡು ಲೆಕ್ಕ

ದೊಡ್ಡ ಬ್ಯಾಗನ್ನು ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ. ಅದು ಕ್ಯಾಬಿನ್ ಬಾಗಿಲಿಗೆ ಬರಲು ಹಲವು ಗಂಟೆ ಬೇಕು, ಸಂಜೆಯೂ ಆಗಬಹುದು. ನಮ್ಮ ಮೊದಲ ಪ್ರಯಾಣದಲ್ಲಿ ಮಗಳ ಬಟ್ಟೆಯೆಲ್ಲ ಅದರೊಳಗೇ ಇತ್ತು. ಹಡಗು ಹತ್ತಿದ ಅರ್ಧ ಗಂಟೆಗೆ ಅವಳು ಜ್ಯೂಸ್ ಚೆಲ್ಲಿಕೊಂಡಳು. ಒದ್ದೆ ಫ್ರಾಕ್‌ನಲ್ಲೇ ಎಸಿಯಲ್ಲಿ ಕೂತಿದ್ದಳು. ಪಾಪ, ಚಳಿಗೆ ನಡುಗುತ್ತಿದ್ದದ್ದು ಈಗಲೂ ನೆನಪಾಗುತ್ತದೆ.

ಆದ್ದರಿಂದ ಕೈಬ್ಯಾಗ್‌ನಲ್ಲಿ ಇವು ಇರಲೇಬೇಕು: ಪಾಸ್‌ಪೋರ್ಟ್‌ಗಳು, ಎಲ್ಲಾ ಔಷಧಿ, ಆರು ಡೈಪರ್, ಎರಡು ಜೊತೆ ಬಟ್ಟೆ, ಒಂದು ಸ್ವೆಟರ್, ಈಜುಡುಗೆ, ಒಂದು ಹೊತ್ತಿನ ಮಗುವಿನ ಊಟ, ಮಲಗುವಾಗ ಬೇಕಾಗುವ ಗೊಂಬೆ ಅಥವಾ ಹೊದಿಕೆ. ಔಷಧಿ ಅಂದರೆ ಜ್ವರದ್ದು, ಓಆರ್‌ಎಸ್, ಮಕ್ಕಳ ಡಾಕ್ಟರ್ ಬರೆದುಕೊಟ್ಟ ವಾಂತಿಯದ್ದು. ಚೀಟಿಯೂ ಜೊತೆಗಿರಲಿ. ಪ್ರಯಾಣದ ವಾಂತಿಗೆ ಕೊಡುವ ಬಹಳಷ್ಟು ಔಷಧಿಗಳು 2 ವರ್ಷದೊಳಗಿನ ಮಕ್ಕಳಿಗಲ್ಲ. ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ ಕೊಡುವ ಅಭ್ಯಾಸ ಬೇಡವೇ ಬೇಡ.

ಈಗ ನಮ್ಮವರ ದೊಡ್ಡ ತಪ್ಪು. ಎಲೆಕ್ಟ್ರಿಕ್ ಕೆಟಲ್, ಪುಟ್ಟ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ. ಮಗುವಿಗೆ ಅನ್ನ ಮಾಡಿಕೊಡೋಣ ಅಂತ ಪ್ರೀತಿಯಿಂದಲೇ ಒಯ್ಯುತ್ತಾರೆ. ಬಿಸಿ ಮಾಡುವ ಯಾವ ಸಾಮಾನನ್ನೂ ಹಡಗಿನಲ್ಲಿ ಬಿಡುವುದಿಲ್ಲ, ಬೆಂಕಿಯ ಭಯ. ತಪಾಸಣೆಯಲ್ಲಿ ಎತ್ತಿಟ್ಟುಕೊಂಡು ಇಳಿಯುವಾಗ ಕೊಡುತ್ತಾರೆ. ಅದಕ್ಕಾಗಿ ಬ್ಯಾಗ್ ತಡೆದರೆ ಒಳಗಿನ ಡೈಪರೂ ಅದರ ಜೊತೆಗೇ ಸಿಕ್ಕಿಕೊಳ್ಳುತ್ತದೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಬೇಡ.

ಬದಲಿಗೆ ಬಿಸಿನೀರು ಸಾಕಾಗುವಂಥದ್ದು ಒಯ್ಯಿರಿ. ಸೀಲ್ ಮಾಡಿದ ಪ್ಯಾಕೆಟ್‌ನ ರಾಗಿ ಹುರಿಹಿಟ್ಟು, ಅವಲಕ್ಕಿ ಪುಡಿ, ಹಾಲಿನ ಪುಡಿ. ಬಫೆಯಲ್ಲಿ ಬಿಸಿನೀರು ಸಿಗುತ್ತದೆ, ಒಳ್ಳೆಯ ಫ್ಲಾಸ್ಕ್ ಒಂದು ಇರಲಿ. ಅನ್ನ, ಮೊಸರು ಎರಡೂ ಬಫೆಯಲ್ಲಿ ಸಾಮಾನ್ಯವಾಗಿ ಇರುತ್ತವೆ, ಹಾಗಾಗಿ ಮೊಸರನ್ನಕ್ಕೆ ಚಿಂತೆ ಇಲ್ಲ. ಮನೆಯಲ್ಲಿ ಮಾಡಿದ ಅಡುಗೆಯನ್ನು ಡಬ್ಬಿಯಲ್ಲಿ ತಂದರೆ ಒಳಗೆ ಬಿಡುವುದು ಕಷ್ಟ.

ತಳ್ಳುಗಾಡಿ ಛತ್ರಿಯಂತೆ ಮಡಚುವ ಚಿಕ್ಕದೇ ಆಗಲಿ. ದೊಡ್ಡದು ಕ್ಯಾಬಿನ್ ಬಾಗಿಲಲ್ಲಿ ಹಿಡಿಯುವುದಿಲ್ಲ.

## ಹಂತ 7: ಎರಡೂವರೆ ಗಂಟೆಯ ಲೆಕ್ಕ

ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ದೊಡ್ಡವರಿಗೆ ಇದು ಏನೂ ಅಲ್ಲ. ಆದರೆ ಬೆಂಗಳೂರಿನಲ್ಲಿ ರಾತ್ರಿ 9ಕ್ಕೆ ಮಲಗುವ ಮಗುವಿಗೆ ಅಲ್ಲಿ 11.30 ಆಗುತ್ತದೆ. ಬೆಳಿಗ್ಗೆ 7.30ಕ್ಕೆ ಎದ್ದರೆ ಅಲ್ಲಿ 10 ಗಂಟೆ, ತಿಂಡಿ ಮುಗಿಯುತ್ತಾ ಬಂದಿರುತ್ತದೆ.

ಮಕ್ಕಳಿದ್ದರೆ ಸಂಜೆ ಬೇಗನೆಯ ಊಟದ ಸರದಿ ತೆಗೆದುಕೊಳ್ಳಿ ಅನ್ನುತ್ತಾರೆ, ಅದು ಸುಮಾರು 5.30ಕ್ಕೆ. ನಮ್ಮ ಮಗುವಿನ ಹೊಟ್ಟೆಗೆ ಅದು ಮಧ್ಯಾಹ್ನದ 3 ಗಂಟೆ! ಆಗ ತಟ್ಟೆ ಮುಂದಿಟ್ಟರೆ ತಿನ್ನದು, ನೀವು ಗದರಿಸುತ್ತೀರಿ, ಊಟದ ಮನೆಯಲ್ಲಿ ರಂಪ. ಹೊರಡುವ ವಾರದಲ್ಲಿ ದಿನಕ್ಕೆ ಕಾಲು ಗಂಟೆಯಂತೆ ಏಳುವುದು, ಉಣ್ಣುವುದು, ಮಲಗುವುದು ಎಲ್ಲವನ್ನೂ ಇನ್ನೂ ಬೇಗಕ್ಕೆ ತನ್ನಿ. ಒಂದೂವರೆ ಗಂಟೆ ಹೊಂದಿದರೂ ಸಾಕು. ಮೊದಲ ಎರಡು ದಿನ ಸರದಿಯ ಊಟದ ಬದಲು ಬಫೆಯಲ್ಲೇ ತಿನ್ನಿಸಿ.

## ಹಂತ 8: ಹಡಗು ಹತ್ತುವ ದಿನ

ಬೆಂಗಳೂರಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ, ಹೊರಡುವುದು ಹೆಚ್ಚಾಗಿ ರಾತ್ರಿ. ಬೆಳಿಗ್ಗೆ ಇಳಿದು ಅದೇ ಮಧ್ಯಾಹ್ನ ಹಡಗು ಹತ್ತುವುದು ದುಡ್ಡು ಉಳಿಸುವ ದಾರಿಯಂತೆ ಕಾಣುತ್ತದೆ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ತಡವಾಗದಿದ್ದರೂ ನಿದ್ದೆಗೆಟ್ಟ ಮಗುವನ್ನು ಸಾಲಿನಲ್ಲಿ ನಿಲ್ಲಿಸಬೇಕು. ಒಂದು ದಿನ ಮುಂಚೆ ಹೋಗಿ ಮಲಗಿ.

ಟರ್ಮಿನಲ್ ಹೆಸರು ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಸಿಂಗಪುರದಲ್ಲಿ ಎರಡಿವೆ: ಮರೀನಾ ಬೇ ಕ್ರೂಸ್ ಸೆಂಟರ್, ಮತ್ತು ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಪುರ್ ಕ್ರೂಸ್ ಸೆಂಟರ್. ಮರೀನಾ ಬೇಯದ್ದಕ್ಕೆ ಹತ್ತಿರದ ಮೆಟ್ರೊ ನಿಲ್ದಾಣ ಮರೀನಾ ಸೌತ್ ಪಿಯರ್. ಕಾರಿನಲ್ಲಿ ಹೋಗುವುದಾದರೆ ಒಂದು ಕಾನೂನು ಗೊತ್ತಿರಲಿ: 1.35 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಟ್ಯಾಕ್ಸಿಗಳಿಗೆ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಬರುವ ಖಾಸಗಿ ಕಾರುಗಳಿಗೆ ಇಲ್ಲ.

ಹತ್ತಿದ ಮೇಲೆ ಮೊದಲ ಕೆಲಸ ಊಟ ಅಲ್ಲ, ಸುರಕ್ಷತಾ ಡ್ರಿಲ್. ನಿಮ್ಮ ಗುಂಪು ಸೇರುವ ಜಾಗ ಕ್ಯಾಬಿನ್ ಕಾರ್ಡ್‌ನಲ್ಲಿ ಬರೆದಿರುತ್ತದೆ. ಅಲ್ಲಿಗೆ ಮಗುವನ್ನು ಕರೆದುಕೊಂಡೇ ಹೋಗಿ. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಅಂದರೆ ಅಪಾಯದ ಸೂಚನೆ. ಮಗುವಿನ ಅಳತೆಯ ಲೈಫ್ ಜಾಕೆಟ್ ಎಲ್ಲಿ ಕೊಡುತ್ತಾರೆ ಅಂತ ಬಾಯಿಬಿಟ್ಟು ಕೇಳಿ, ಕ್ಯಾಬಿನ್‌ನಲ್ಲಿ ಇರುವುದು ದೊಡ್ಡವರದ್ದೇ ಇರಬಹುದು. ಗುಂಪಿನ ಸಂಖ್ಯೆ ಬರೆದ ಪಟ್ಟಿಯನ್ನು ಮಕ್ಕಳ ಕೈಗೆ ಕಟ್ಟುವ ಪದ್ಧತಿ ಹಲವು ಹಡಗುಗಳಲ್ಲಿದೆ. ಪ್ರವಾಸ ಮುಗಿಯುವ ತನಕ ಬಿಚ್ಚಬೇಡಿ.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದಲ್ಲಿ ಹಡಗಿನ ಮೊಬೈಲ್ ಜಾಲ ತಾನಾಗಿ ಹಿಡಿದುಕೊಂಡರೆ ಬಿಲ್ ಸಾವಿರಗಳಲ್ಲಿ ಬರುತ್ತದೆ.

## ಹಂತ 9: ಹಡಗಿನ ಮೇಲೆ, ಗಮನ ಇಡಬೇಕಾದ ಸೂಚನೆಗಳು

ಅಲುಗಾಟಕ್ಕೆ ಹೆಚ್ಚು ತೊಂದರೆಪಡುವುದು 2ರಿಂದ 12 ವರ್ಷದವರು. ಚಿಕ್ಕ ಮಗುವಿಗೆ "ತಲೆ ಸುತ್ತುತ್ತಿದೆ" ಅಂತ ಹೇಳಲು ಬರುವುದಿಲ್ಲ. ಆಟದ ಮಧ್ಯೆ ಸುಮ್ನೆ ಕೂತುಬಿಡುವುದು, ಮತ್ತೆ ಮತ್ತೆ ಆಕಳಿಸುವುದು, ಮುಖ ಬಿಳಿಚಿಕೊಳ್ಳುವುದು, ತಣ್ಣನೆ ಬೆವರು. ಇವು ಕಂಡ ಕೂಡಲೇ ಮೊಬೈಲ್, ಪುಸ್ತಕ ಕಸಿದು ಹಡಗಿನ ನಡುಭಾಗದ ತೆರೆದ ಡೆಕ್‌ಗೆ ಕರೆದುಕೊಂಡು ಹೋಗಿ. ದೂರದ ನೀರಿನ ಅಂಚು ತೋರಿಸಿ. ಹೊಟ್ಟೆ ಪೂರ್ತಿ ಖಾಲಿ ಇರದಂತೆ ಬಿಸ್ಕತ್ತು, ಅನ್ನ ಸ್ವಲ್ಪ ಸ್ವಲ್ಪ ಕೊಡಿ.

ವಾಂತಿ ಭೇದಿ ಎರಡೂ ಶುರುವಾದರೆ ಅದನ್ನು ಅಲುಗಾಟ ಅಂದುಕೊಳ್ಳಬೇಡಿ. ಹಡಗುಗಳಲ್ಲಿ ನೋರೊವೈರಸ್ ಬೇಗ ಹರಡುತ್ತದೆ. ಸ್ಯಾನಿಟೈಸರ್ ಅದಕ್ಕೆ ಸರಿಯಾಗಿ ನಾಟುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಾಕಿಯೇ ಕೈ ತೊಳೆಸಿ. ಆರೆಂಟು ಗಂಟೆ ಮೂತ್ರ ಇಲ್ಲ, ಅತ್ತರೂ ಕಣ್ಣೀರು ಇಲ್ಲ, ಬಾಯಿ ಒಣಗಿದೆ, ಮಗು ಮಂಕಾಗಿದೆ ಅಂದರೆ ಬಿಲ್ ಲೆಕ್ಕ ಹಾಕದೆ ಹಡಗಿನ ಡಾಕ್ಟರ್ ಹತ್ತಿರ ಹೋಗಿ.

ಈಜುಕೊಳದಲ್ಲಿ ಕಾವಲುಗಾರ ಎಲ್ಲಾ ಹಡಗುಗಳಲ್ಲಿ ಇರುವುದಿಲ್ಲ. ಇದ್ದರೂ ಮಗು ನಿಮ್ಮ ಕೈಗೆಟುಕುವಷ್ಟೇ ದೂರದಲ್ಲಿರಲಿ. ಇಬ್ಬರೂ ನೋಡುತ್ತಿದ್ದೇವೆ ಅಂದರೆ ಹಲವು ಸಲ ಯಾರೂ ನೋಡುತ್ತಿಲ್ಲ. "ಈಗ ನಾನು ನೋಡ್ತೀನಿ" ಅಂತ ಬಾಯಲ್ಲಿ ಹೇಳಿಯೇ ಸರದಿ ಬದಲಿಸಿ.

ದಿನಕ್ಕೆ ಒಂದೇ ದೊಡ್ಡ ಕಾರ್ಯಕ್ರಮ ಇಟ್ಟುಕೊಳ್ಳಿ, ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ.

## ಹಂತ 10: ಬಂದರಿನಲ್ಲಿ

ಎಲ್ಲರೂ ಒಟ್ಟಿಗೆ ಇಳಿಯುವ ಮೊದಲ ಒಂದು ಗಂಟೆ ಕ್ಯಾಬಿನ್‌ನಲ್ಲೇ ಇರಿ. ಇಳಿದ ಮೇಲೆ ನೋಡಬೇಕಾದ ಗಡಿಯಾರ ಒಂದೇ, ಹಡಗಿನದ್ದು. ಥಾಯ್ಲೆಂಡ್‌ನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ಅಲ್ಲಿನ ಸಿಮ್ ಹಾಕಿದ ಕೂಡಲೇ ಫೋನ್ ತಾನಾಗಿ ಆ ಸಮಯಕ್ಕೆ ಬದಲಾಗುತ್ತದೆ, ಹಡಗು ಬದಲಾಯಿಸಿರದೇ ಇರಬಹುದು. ಹಾಗಾಗಿ ಕೈಗಡಿಯಾರ ಕಟ್ಟಿಕೊಳ್ಳಿ. ಎಲ್ಲರೂ ಹತ್ತಿರಬೇಕಾದ ಸಮಯಕ್ಕಿಂತ ಒಂದೂವರೆ ಗಂಟೆ ಮುಂಚೆ ದಕ್ಕೆಯಲ್ಲಿರಿ. ಮಗುವಿಗೆ ಯಾವಾಗ ಮೂತ್ರ ಬರುತ್ತದೆ, ಯಾವಾಗ ನಿದ್ದೆ ಬರುತ್ತದೆ ಅಂತ ಯಾರಿಗೂ ಹೇಳಲಾಗದು, ಅಲ್ವಾ?

## ಹಂತ 11: ಕೊನೆಯ ರಾತ್ರಿ ಮತ್ತು ಇಳಿಯುವ ಬೆಳಿಗ್ಗೆ

ಕೊನೆಯ ರಾತ್ರಿ ದೊಡ್ಡ ಬ್ಯಾಗ್‌ಗೆ ಪಟ್ಟಿ ಕಟ್ಟಿ ಬಾಗಿಲ ಹೊರಗೆ ಇಡಲು ಹೇಳುತ್ತಾರೆ. ಒಮ್ಮೆ ಹೋದರೆ ಮತ್ತೆ ಸಿಗುವುದು ದಡದಲ್ಲೇ. ಇಡುವ ಮುಂಚೆ ನಾಳೆಯ ಬಟ್ಟೆ, ಚಪ್ಪಲಿ, ಡೈಪರ್, ಔಷಧಿ, ಪಾಸ್‌ಪೋರ್ಟ್ ಹಾಸಿಗೆಯ ಮೇಲೆ ಜೋಡಿಸಿ ಕಣ್ಣಾರೆ ನೋಡಿ. ಮಗುವಿನ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇರಲಿ. ಬ್ಯಾಗನ್ನು ನೀವೇ ಎಳೆದುಕೊಂಡು ಇಳಿಯಲು ಅವಕಾಶ ಇದ್ದರೂ ಮಗುವಿದ್ದವರಿಗೆ ಅದು ಬೇಡ.

ಅದೇ ರಾತ್ರಿ ಮೂರು ಕೆಲಸ ಮುಗಿಸಿ. ಸಿಂಗಪುರದ ಎರಡನೇ ಆಗಮನ ಕಾರ್ಡ್ ಮೂವರಿಗೂ ತುಂಬಿದ್ದೀರಾ ನೋಡಿ. ಕ್ಯಾಬಿನ್ ಬಿಲ್ ತರಿಸಿ ಓದಿ, ತಪ್ಪಿದ್ದರೆ ಆಗಲೇ ಕೌಂಟರ್‌ಗೆ ಹೋಗಿ, ಬೆಳಿಗ್ಗೆ ಸಾಲು ಉದ್ದ. ಹಡಗಿನವರು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ವಾಪಸ್ ಎಲ್ಲಿ, ಯಾವಾಗ ಕೊಡುತ್ತಾರೆ ಕೇಳಿಕೊಳ್ಳಿ.

ಹಡಗು ಬೆಳಿಗ್ಗೆ 7ಕ್ಕೆ ದಕ್ಕೆಗೆ ಬಂದರೂ ನೀವು ಹೊರಗೆ ಬರುವಾಗ 9 ಅಥವಾ 10 ಆಗಬಹುದು. ವಾಪಸ್ ವಿಮಾನ ಮಧ್ಯಾಹ್ನ 2ಕ್ಕಿಂತ ಮುಂಚಿನದು ಬುಕ್ ಮಾಡಬೇಡಿ. ಬಫೆಯಿಂದ ಬಾಳೆಹಣ್ಣು, ಸೇಬು ಮಗುವಿಗೆ ಅಂತ ಚೀಲಕ್ಕೆ ಹಾಕಿಕೊಳ್ಳುವುದೂ ಬೇಡ, ದಡದ ತಪಾಸಣೆಯಲ್ಲಿ ತೊಂದರೆಯಾಗಬಹುದು. ಹಸಿವಾದರೆ ಕೊಡಲು ಸೀಲ್ ಒಡೆಯದ ಒಂದು ಬಿಸ್ಕತ್ತಿನ ಪೊಟ್ಟಣವನ್ನು ಮನೆಯಿಂದ ಹೊರಡುವಾಗಲೇ ಇಳಿಯುವ ದಿನಕ್ಕೆ ಅಂತ ಎತ್ತಿಡಿ.